ಮಲಗುವ ಕೆಲಸ

ಇನ್ನು ಏಳಬಹುದು ಎಂದು ಡಾಕ್ಟರು ಹೇಳಿದಾಗ, ಕೆಲಸದಿಂದ ತೆಗೆದುಹಾಕಿದಷ್ಟೇ ಅವಮಾನವಾಯಿತು ಅವನಿಗೆ.

ಎರಡು ತಿಂಗಳಿಂದ ಮಲಗುವುದೇ ಅವನ ಕೆಲಸ. ತಲೆಯ ಕಡೆ ತುಸು ತಗ್ಗಿಸಿದ ಮಂಚ. ಊಟ, ಸ್ನಾನ, ಶೌಚ ಎಲ್ಲ ಅದರ ಮೇಲೆಯೇ. ಬಾಹ್ಯಾಕಾಶದಲ್ಲಿ ತೂಕ ಕಳೆದುಕೊಂಡವರ ಸ್ನಾಯುಗಳ ಗತಿ ತಿಳಿಯಲು ಭೂಮಿಯ ಮೇಲೆ ಇಷ್ಟು ಸಾಕಂತೆ. ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದವನು ರಜೆ ಹಾಕಿ ಈ ಪ್ರಯೋಗಕ್ಕೆ ಬಂದು ಮಲಗಿದ್ದ. ಮನೆಯಲ್ಲಿ ಹೇಳಿದ್ದು, ವಿಜ್ಞಾನಕ್ಕಾಗಿ. ತಾನಿಲ್ಲದೆ ಎಷ್ಟು ಒದ್ದಾಡುತ್ತಾರೋ ನೋಡೋಣ ಎಂಬುದು ಹೊಟ್ಟೆಯೊಳಗಿನ ಮಾತು.

ಮಗಳ ಜೊತೆ ಬಂದಿದ್ದ ಅವನ ಹೆಂಡತಿಗೆ ಡಾಕ್ಟರು ವಿವರಿಸುತ್ತಿದ್ದರು. ಕೆಲಸವಿಲ್ಲದ ಸ್ನಾಯು ಮೊದಲು ಸೋಮಾರಿಯಾಗುತ್ತದೆ. ರಕ್ತವು ಸಕ್ಕರೆ ಹೊತ್ತು ಬಾಗಿಲಿಗೆ ಬಂದರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ; ಕೊಬ್ಬು ಉರಿಸುವುದನ್ನು ಮರೆಯುತ್ತದೆ; ಕೊನೆಗೆ ತಾನೇ ಕರಗುತ್ತದೆ. ನಿಮ್ಮವರು ಎಲ್ಲರಿಗಿಂತ ಚೆನ್ನಾಗಿ ಕರಗಿದ್ದಾರೆ ಎಂದು ಹೊಗಳಿದರು. ಅವನಿಗೆ ಹೆಮ್ಮೆಯೇ ಆಯಿತು.

ಹೆಂಡತಿ ತಲೆಯಾಡಿಸಿದಳು. ಅವಳಿಗೆ ಇದು ಹೊಸ ಸುದ್ದಿಯಂತೆ ಕಾಣಲಿಲ್ಲ.

ಮನೆ ಹೇಗಿದೆ ಎಂದು ಕೇಳಿದ. ಸೋರುತ್ತಿದ್ದ ನಲ್ಲಿ ರಿಪೇರಿಯಾಗಿತ್ತು. ಅವನು ವರ್ಷಗಟ್ಟಲೆ ಮುಂದೂಡಿದ್ದ ಸುಣ್ಣಬಣ್ಣ ಆಗಿತ್ತು. ಅವಳು ಸ್ಕೂಟರ್ ಕಲಿತಿದ್ದಳು.

"ಕಷ್ಟ ಆಗ್ಲಿಲ್ವಾ?"

"ಆಗತ್ತೆ ಅಂದ್ಕೊಂಡಿದ್ದೆ," ಎಂದಳು.

ಮಗಳಿಗೆ ಬೇರೆಯದೇ ಚಿಂತೆ. "ಅಪ್ಪಾ, ನೀನು ಬಂದ್ರೆ ನಿನ್ನ ರೂಮು ವಾಪಸ್ ಬೇಕಾ? ಅಲ್ಲಿ ನನ್ನ ಟೇಬಲ್ ಹಾಕ್ಕೊಂಡಿದೀನಿ."

ಆ 'ಬಂದ್ರೆ' ಅವನೊಬ್ಬನಿಗೇ ಚುಚ್ಚಿತು.

ಬೇಕಿದ್ದರೆ ಇನ್ನೊಂದು ತಿಂಗಳು ಮುಂದುವರಿಸಬಹುದು, ಮಲಗಿ ಪಳಗಿದವರು ಸಿಗುವುದು ಕಷ್ಟ ಎಂದರು ಡಾಕ್ಟರು. ಅವನು ಹೆಂಡತಿಯ ಮುಖ ನೋಡಿದ. ಬನ್ನಿ ಎಂಬ ಒಂದು ಮಾತು ಸಾಕಿತ್ತು.

"ನಿಮ್ಮಿಷ್ಟ ರೀ. ಮನೆ ಕಡೆ ಯೋಚ್ನೆ ಬೇಡ."

ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ ಜಗಳಕ್ಕೂ ಎಡೆಯಿರಲಿಲ್ಲ.

ತೋರಿಸಿಯೇ ಬಿಡುತ್ತೇನೆಂದು ಕಾಲು ಕೆಳಗಿಟ್ಟ. ಎದ್ದ. ನೆಲ ದಿಗ್ಗನೆ ಮೇಲೆ ಬಂದಂತಾಯಿತು. ತೊಡೆಗಳು ಯಾರವೋ ಎಂಬಂತೆ ನಡುಗಿದವು. ಹೆಂಡತಿ ಕೈ ಚಾಚಿದಳು. ಯಾರೂ ಹಿಡಿಯಬಾರದು, ಕಾಲಿನ ಬಲದ ಅಳತೆ ಕೆಡುತ್ತದೆ ಎಂದರು ಡಾಕ್ಟರು. ಹೌದಲ್ಲ ಎಂಬಂತೆ ಅವಳ ಕೈ ವ್ಯಾನಿಟಿ ಬ್ಯಾಗಿಗೆ ಮರಳಿತು.

ಏನು ಮಾಡುತ್ತೀರಿ, ಮುಂದುವರಿಸೋಣವೇ ಎಂದು ಡಾಕ್ಟರು ಮತ್ತೆ ಕೇಳಿದರು.

ಅವನು ಬಾಯಿ ತೆರೆಯುವಷ್ಟರಲ್ಲಿ, ಮುಂದಿನವರಿಗಾಗಿ ಆಗಲೇ ಅವನ ಮಂಚ ಸಿದ್ಧಪಡಿಸುತ್ತಿದ್ದ ಆಯಾ ಹಾಸನ್ನು ಕಿಟಕಿಯ ಬೆಳಕಿನಲ್ಲಿ ಜೋರಾಗಿ ಕೊಡವಿದಳು. ನೆಲ ಕಾಣದ ಅವನ ಅಂಗಾಲುಗಳಿಂದ ಸುಲಿದುಬಿದ್ದಿದ್ದ ಒಣ ಚರ್ಮದ ಚೂರುಗಳು ಮೇಲೆದ್ದವು. ಹೆಂಡತಿ ಮಗಳ ಮೂಗಿಗೆ ಕರವಸ್ತ್ರ ಹಿಡಿದಳು. ಚೂರುಗಳು ಎಲ್ಲರ ಮುಖದ ಮುಂದೆ, ಬೀಳುವ ಯಾವ ಅವಸರವೂ ಇಲ್ಲದೆ, ತೇಲುತ್ತಲೇ ಇದ್ದವು.