ದಿನಕ್ಕೊಂದು ಹಲ್ಲು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರು ಮನೆಯ ಗೋಡೆಯೂ ಕಾಣುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕುಳಿತು ಕಿಟಕಿಯ ಗಾಜು ಒರೆಸುತ್ತಿದ್ದವನಿಗೆ ಬೆನ್ನ ಹಿಂದೆ ಒಂದು ಸದ್ದು ಕೇಳಿಸಿತು. ಅದು ಕೆಮ್ಮೂ ಅಲ್ಲ, ಮಾತೂ ಅಲ್ಲ. ತಿರುಗಿದರೆ ಅಕ್ಕ ಮೇಜಿನ ಅಂಚು ಹಿಡಿದು ನಿಂತಿದ್ದಳು. ಬಾಯಿ ತೆರೆದಿತ್ತು, ಉಸಿರಿರಲಿಲ್ಲ.

"ಬೆನ್ನಿಗೆ ಹೊಡೀರಿ, ನೋಡ್ತಾ ನಿಂತ್ಕೋಬೇಡಿ" ಎಂದು ಹೆಂಡತಿ ಒಲೆಯ ಹತ್ತಿರದಿಂದ ಓಡಿ ಬಂದಳು.

ಅಕ್ಕನನ್ನು ಬಗ್ಗಿಸಿ ಬೆನ್ನಿಗೆ ಹೊಡೆದ. ಅಂಗೈಗೆ ಬರೀ ಮೂಳೆ ಸಿಕ್ಕಿತು. ಮತ್ತೆ ಹೊಡೆದ. ಒದ್ದೆ ಮುದ್ದೆಯೊಂದು ನೆಲಕ್ಕೆ ಬಿತ್ತು: ಬ್ರೆಡ್ಡಿನ ಗಟ್ಟಿ ತುದಿ. ಅಕ್ಕ ಕುರ್ಚಿಯಲ್ಲಿ ಕುಸಿದು, ಕಣ್ಣೀರು ಒರೆಸಿಕೊಂಡು, "ಏನಿಲ್ಲ ಬಿಡು, ಆಸೆ ಆಯ್ತು" ಎಂದಳು. ಹಲ್ಲಿಲ್ಲದ ಬಾಯಿಂದ ಮಾತು ಅರ್ಧ ಗಾಳಿಯಾಗಿ ಬಂತು.

ಬ್ರೆಡ್ಡಿನ ತುದಿ ಈ ಮನೆಯಲ್ಲಿ ಮೊದಲಿನಿಂದಲೂ ಅಕ್ಕನ ಪಾಲು. ತಾಯಿ ತೀರಿಕೊಂಡಾಗ ಅವನಿನ್ನೂ ತೊಟ್ಟಿಲ ಕೂಸು. ಸಾಕಿದವಳು ಅಕ್ಕ. ಮೆತ್ತಗಿನ ನಡುಭಾಗ ತಮ್ಮನಿಗೆ ಕೊಟ್ಟು ತುದಿಯನ್ನು ತಾನು ಕಟಕಟ ಅಗಿಯುತ್ತಿದ್ದವಳಿಗೆ ಆಮೇಲಾಮೇಲೆ ಅದೇ ರುಚಿ ಹತ್ತಿತ್ತು. ಕೊನೆಯ ಹಲ್ಲುಗಳನ್ನೂ ಕೀಳಿಸಿದ ಮೇಲೆ ಆ ತುದಿ ಅವನ ತಟ್ಟೆಗೆ ಬರತೊಡಗಿತ್ತು. ಅವನೂ ಏನೂ ಯೋಚಿಸದೆ ತಿನ್ನುತ್ತಿದ್ದ.

"ಊರಿನ ಬಾಯಿಗೆಲ್ಲ ಹಲ್ಲು ಕಟ್ತೀರಿ. ಅತ್ತಿಗೆ ಬಾಯಿ ಮಾತ್ರ ಯಾವ ಊರಲ್ಲಿದೆ?" ಎಂದಳು ಹೆಂಡತಿ, ನೆಲ ಒರೆಸುತ್ತ.

ಅವನ ಕಸುಬೇ ಹಲ್ಲು ಕಟ್ಟುವುದು. ಬೇರೆಯವರ ಬಾಯಿಯ ಅಚ್ಚುಗಳನ್ನು ದಂತವೈದ್ಯರು ತೆಗೆದು ಕಳಿಸುತ್ತಿದ್ದರು. ಅಕ್ಕನ ಬಾಯಿಯ ಅಚ್ಚನ್ನು ಮಾತ್ರ ಚಳಿಗಾಲ ಕಾಲಿಡುವ ಮೊದಲೇ ತಾನೇ ತೆಗೆದಿದ್ದ. ಬಟ್ಟೆ ಸುತ್ತಿ ಅಂಗಡಿಯ ಕಪಾಟಿನಲ್ಲಿಟ್ಟದ್ದು ಅಲ್ಲೇ ಕುಳಿತಿತ್ತು. ಬೇರೆಯವರ ಕೆಲಸಕ್ಕೆ ಗಡುವಿತ್ತು, ಬೈಯುವವರಿದ್ದರು. ಅಕ್ಕ ಬೈಯುವವಳಲ್ಲ. ನಾಳೆ ಶುರುಮಾಡೋಣ ಎಂದು ಒಂದು ದಿನ ಮೇಜು ಒರೆಸಿದ, ಇನ್ನೊಂದು ದಿನ ಚಾಕು ಮಸೆದ, ಮತ್ತೊಂದು ದಿನ ಮೇಣ ಕರಗಿಸುವ ಸ್ಪಿರಿಟ್ ದೀಪಕ್ಕೆ ಹೊಸ ಬತ್ತಿ ತಂದ. ಆಮೇಲೆ ಹೆದರಿಕೆ ಹುಟ್ಟಿತು. ಬರಿದಾದ ಒಸಡು ಇದ್ದ ಹಾಗೇ ಇರುವುದಿಲ್ಲ, ಬಳಸಿದ ಸಾಬೂನಿನ ಹಾಗೆ ದಿನದಿನಕ್ಕೂ ಸವೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ತಡವಾದಷ್ಟೂ ಅಚ್ಚು ಸುಳ್ಳಾಗುತ್ತದೆ. ಸುಳ್ಳಾಗಿದೆಯೋ ಎಂದು ನೋಡಲು ಹೆದರಿ ಮತ್ತಷ್ಟು ತಡ ಮಾಡಿದ್ದ.

ಆ ದಿನ ಅಂಗಡಿ ತೆರೆದವನೇ ಕಪಾಟಿನ ಮುಂದೆ ನಿಂತ. ಅಚ್ಚಿನಲ್ಲಿ ಹೊಯ್ದು ಸಾಲಾಗಿ ಕೂರಿಸಿದ್ದ ಗಾರೆಯ ಬಾಯಿಗಳೆಲ್ಲ ಅವನನ್ನೇ ನೋಡಿ ಕಿಸಿಯುತ್ತಿದ್ದಂತಿತ್ತು. ಬಟ್ಟೆ ಬಿಚ್ಚುವಾಗ ಬೆರಳು ತಣ್ಣಗಾಯಿತು. ಅಚ್ಚಿನ ಮೇಲೆ ಮೇಣ ಒತ್ತಿ, ಹಲ್ಲಿಲ್ಲದ ಬರೀ ತಳ ಮಾಡಿಕೊಂಡು ಮಧ್ಯಾಹ್ನವೇ ಮನೆಗೆ ಹೋದ.

ಅದು ಅಕ್ಕನ ಬಾಯಲ್ಲಿ ದೋಣಿಯಂತೆ ತೂಗಿತು.

"ಅಲ್ಲಾಡ್ತಿದೆ ಮರಿ" ಎಂದಳು. ತಲೆ ನರೆತರೂ ಅವನು ಅವಳಿಗೆ ಮರಿಯೇ.

"ಒಸಡು ಇಳಿದಿದೆ ಅಕ್ಕ. ಆಗಲೇ ಮಾಡಿದ್ರೆ ಕೂರ್ತಿತ್ತು. ತಪ್ಪು ನಂದೇ." ತಳವನ್ನು ಹೊರತೆಗೆದು ಹೇಳಿದ, "ಇನ್ನೊಂದು ಸಲ ಅಚ್ಚು ತೆಗೀಬೇಕು."

ಅಕ್ಕನ ಕೈ ಗಂಟಲಿಗೆ ಹೋಯಿತು. ಮೊದಲ ಸಲ ಅಚ್ಚಿನ ಹಿಟ್ಟು ಹಿಂದಕ್ಕೆ ಜಾರಿ, ಉಸಿರು ಕಟ್ಟಿದಂತಾಗಿ ಅವಳು ಒದ್ದಾಡಿಬಿಟ್ಟಿದ್ದಳು. ಸತ್ತರೂ ಇನ್ನೊಮ್ಮೆ ಬೇಡ ಎಂದಿದ್ದಳು.

"ಬೇಡ ಅಂದ್ರೆ?" ಎಂದಳು.

"ಬೆಳಿಗ್ಗೆ ಆಗಿದ್ದು ಮತ್ತೆ ಆಗತ್ತೆ."

"ಆಗ ಮನೇಲಿ ಯಾರೂ ಇಲ್ದೆ ಹೋದ್ರೆ?" ಎಂದು ತನ್ನನ್ನೇ ಕೇಳಿಕೊಂಡಂತೆ ಕೇಳಿದಳು. ಆಮೇಲೆ ಅವಳೇ ಅಂದಳು, "ಕೂರ್ತೀನಿ. ಆದ್ರೆ ನನ್ನ ಬಾಯಿನ ನಿನ್ನ ಕಪಾಟಿಗೆ ಕಳಿಸಲ್ಲ. ಈ ಮೇಜಿನ ಮೇಲೆ, ನನ್ನ ಕಣ್ಣೆದುರಿಗೆ ಕಟ್ಟು. ಬೆಳಿಗ್ಗೆ ನನ್ನ ಪ್ರಾರ್ಥನೆ ಮುಗಿದ ಕೂಡಲೇ ಒಂದು ಹಲ್ಲು. ಕೂರಿಸೋವರೆಗೆ ನಿನಗೆ ಚಹಾ ಇಲ್ಲ."

"ಚಿಕ್ಕಂದಿನಲ್ಲಿ ಇವರಿಗೆ ಹಲ್ಲುಜ್ಜೋವರೆಗೆ ಹಾಲಿಲ್ಲ ಅಂತಿದ್ರಂತೆ ನೀವು. ಇವರು ಬೆಳೆದಿದ್ದು ಇಷ್ಟೇ ನೋಡಿ" ಎಂದಳು ಹೆಂಡತಿ.

ಸಂಜೆ ಅಚ್ಚು ತೆಗೆದ. "ಮೂಗಲ್ಲಿ ಉಸಿರಾಡು, ಮೂಗಲ್ಲಿ" ಎಂದು ಹೇಳುತ್ತಿದ್ದವನ ಉಸಿರೇ ನಿಂತಿತ್ತು. ಅಕ್ಕನ ಉಗುರು ಅವನ ಮಣಿಕಟ್ಟಿನಲ್ಲಿ ಊರಿತ್ತು. ದೇವರನ್ನು ಅಕ್ಕನ ಪಾಲಿಗೆ ಬಿಟ್ಟು ಬದುಕಿದ್ದವನು ಅಂದು ತಾನೇ ಕರೆದ. ಹಿಟ್ಟು ಗಟ್ಟಿಯಾಗಿ ಕಳಚಿ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊಸ ಅಚ್ಚಿನ ಮೇಣದಲ್ಲಿ ಮೊದಲ ಹಲ್ಲು ವಾರೆಯಾಗಿ ಕುಳಿತುಕೊಂಡಿತು. "ಯಾರ ಮೇಲೆ ಮುನಿಸು ಇದಕ್ಕೆ?" ಎಂದಳು ಅಕ್ಕ. ಮೇಣ ಕರಗಿಸಿ ಮತ್ತೆ ಕೂರಿಸಿದ. ಇನ್ನೊಂದು ಬೆಳಿಗ್ಗೆ ಚಾಕು ಒರೆಸುತ್ತ, ಬತ್ತಿ ಸರಿಮಾಡುತ್ತ ಕಾಲ ತಳ್ಳುವಾಗ ಅವಳು ಚಹಾದ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಅವನು ಚಾಕು ಹಿಡಿದ. ಹೆದರಿಕೆಯೇನೂ ಹೋಗಲಿಲ್ಲ. ಪ್ರತಿ ಬೆಳಿಗ್ಗೆಯೂ ಬೆರಳು ತಣ್ಣಗಿರುತ್ತಿತ್ತು. ಹೆದರಿಕೆಯಿಂದ ಚಾಕುವಿಗೆ ಹೋಗುವ ದಾರಿ ಮಾತ್ರ ಸ್ವಲ್ಪ ಸ್ವಲ್ಪವೇ ಗಿಡ್ಡವಾಗುತ್ತ ಬಂತು.

ಕೆಳಸಾಲು ಮುಗಿಯುತ್ತ ಬಂದಿದ್ದ ಒಂದು ದಿನ ಪ್ರಾರ್ಥನೆಯ ದನಿ ಕೇಳಲಿಲ್ಲ. ಅಕ್ಕನ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ನಿಂತ. ಒಳಗೆ ಸದ್ದೇ ಇಲ್ಲ. ಹೆಂಡತಿ ಏಳಲಿ, ಅವಳೇ ತೆರೆಯಲಿ, ಸ್ವಲ್ಪ ತಡೆಯೋಣ ಎಂದಿತು ಮನಸ್ಸು. ಆ ದನಿಯ ಗುರುತು ಅವನಿಗೆ ಚೆನ್ನಾಗಿ ಸಿಕ್ಕಿತು. ಕಪಾಟಿನ ಮುಂದೆ ಇಷ್ಟು ದಿನ ಮಾತಾಡುತ್ತಿದ್ದದ್ದು ಅದೇ. ಬಾಗಿಲು ದೂಡಿದ.

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಣೆ ಮುಟ್ಟಿದರೆ ಕಾದ ಹಂಚು. ಜ್ವರ. ಉಸಿರು ಇತ್ತು. ಹೆಂಡತಿಯನ್ನು ಕೂಗಿ ಎಬ್ಬಿಸಿದ. ವೈದ್ಯರು ಬಂದು ಮದ್ದು ಕೊಟ್ಟು, "ತುಂಬಾ ಸೊರಗಿದಾರೆ, ಹೊಟ್ಟೆಗೆ ಏನಾದ್ರೂ ಬೀಳಬೇಕು" ಎಂದು ಹೇಳಿ ಹೋದರು. ಅವನು ದೀಪ, ಮೇಣ, ಚಾಕು ತಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟುಕೊಂಡು ಕುಳಿತ. ಮೊಣಕೈಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಆ ದಿನದ ಹಲ್ಲು ಕೂರಿಸಿದ.

ಮಧ್ಯಾಹ್ನ ಅಕ್ಕ ಕಣ್ಣು ತೆರೆದಳು. "ಇವತ್ತಿಂದು ಆಯ್ತಾ?"

"ಆಯ್ತು."

"ಹಂಗಾದ್ರೆ ಚಹಾ ಕುಡಿ, ಹೋಗು."

ಜ್ವರ ಇಳಿಯಿತು. ಮೇಣದ ಮೇಲಿನ ಸಾಲುಗಳು ಮುಗಿದವು. ಅಂಗಡಿಯಲ್ಲಿ ಮೇಣದ ಜಾಗಕ್ಕೆ ಗಟ್ಟಿಯಾಗುವ ಹಿಟ್ಟು ತುಂಬಿ ಬೇಯಿಸಿ, ಉಜ್ಜಿ, ನಯಮಾಡಿದ ಹಲ್ಲಿನ ಸೆಟ್ಟನ್ನು ಒಂದು ಬೆಳಿಗ್ಗೆ ನೀರಿನ ಬಟ್ಟಲಲ್ಲಿ ತಂದು ಅಕ್ಕನ ಮುಂದಿಟ್ಟ. ಅವಳು ಬೆನ್ನು ತಿರುಗಿಸಿ ಹಾಕಿಕೊಂಡಳು. ಮತ್ತೆ ಇತ್ತ ತಿರುಗಿದಾಗ ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಎಲ್ಲಾದರೂ ಒತ್ತುತ್ತಿದೆಯೇ, ಅಲ್ಲಾಡುತ್ತಿದೆಯೇ ಎಂದು ಉಸಿರು ಬಿಗಿಹಿಡಿದು. ಅಕ್ಕ ದವಡೆಯನ್ನು ಮೆಲ್ಲಗೆ ಅತ್ತ ಇತ್ತ ಆಡಿಸಿ ನೋಡಿಕೊಳ್ಳುತ್ತಿದ್ದಳು.

ಹೆಂಡತಿ ಬ್ರೆಡ್ಡು ಕೊಯ್ದು, ವಾಡಿಕೆಯಂತೆ, ತುದಿಯನ್ನು ಅವನ ತಟ್ಟೆಗೆ ಹಾಕಿದಳು. ಅವನು ಅದನ್ನೆತ್ತಿ ಅಕ್ಕನ ತಟ್ಟೆಯಲ್ಲಿಟ್ಟು, ಚಹಾದ ಲೋಟ ಹತ್ತಿರಕ್ಕೆ ಎಳೆದುಕೊಂಡ.