ಬೂದಿ ಬಣ್ಣದ ಆನೆ

ನಮ್ಮ ಅತ್ತೆ ಸರ್ವಮಂಗಳಮ್ಮನವರ ಪ್ರಕಾರ ಬಣ್ಣಗಳಲ್ಲಿ ಎರಡೇ ಜಾತಿ: ‘ಡೀಸೆಂಟು’ ಮತ್ತು ‘ಸಂತೆ’. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಅವರ ಮನೆಯಲ್ಲಿ ಗೋಡೆ, ಪರದೆ, ಸೋಫಾ ಎಲ್ಲವೂ ಡೀಸೆಂಟು. ಬಾಣಂತನಕ್ಕೆ ಹರಿಹರದ ತವರಿಗೆ ಬಂದ ನನ್ನ ಹಿಂದೆಯೇ ಮೊಮ್ಮಗನ ತೊಟ್ಟಿಲಿಗೆಂದು ಬಟ್ಟೆಯ ಗೊಂಬೆಗಳು, ಬೂದಿ ಬಣ್ಣದ ಆನೆ, ಕೆನೆ ಬಣ್ಣದ ಮೊಲ, ಅದಕ್ಕಿಂತ ಪೇಲವವಾದ ಒಂದು ಮೋಡ ಬಂದವು. ತೊಳೆದು ತೊಳೆದು ಬಣ್ಣ ಬಿಟ್ಟ ಬನಿಯನ್ನುಗಳ ಹಾಗೆ ಅವು ತೊಟ್ಟಿಲ ಮೇಲೆ ತೂಗುತ್ತಿದ್ದವು.

ಎರಡು ತಿಂಗಳ ಕೂಸು ಅವುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ವಿಡಿಯೋ ಕಾಲಿನಲ್ಲಿ ಅದನ್ನು ಕಂಡ ಅತ್ತೆ ತೀರ್ಪು ಕೊಟ್ಟೇಬಿಟ್ಟರು.

“ಕಣ್ಣು ಕಾಣಂಗಿಲ್ಲ ಅನ್ಸುತ್ತೆ. ನಿಮ್ಮ ಕಡೆ ಯಾರಿಗರ ಹಿಂಗಿತ್ತೇನು?”

ವಾರದೊಳಗೆ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿತು. ಗಂಡ ಶಿವು ಫೋನು ಮಾಡಿ, “ಅವ್ವ ಹೇಳ್ತಾಳೆ, ಕಣ್ಣಿಂದು ಗೊತ್ತಾಗೋ ತನಕ ಅಲ್ಲೇ ಇರು,” ಎಂದ. ಮಗನೆಂದರೆ ಹೀಗಿರಬೇಕು, ಅವ್ವನ ಮಾತನ್ನು ಒಂದಕ್ಷರ ಚೆಲ್ಲದೆ ತಂದು ಒಪ್ಪಿಸಿದ.

ಈಗ ಹೀಗೆ ಆಡಿಕೊಳ್ಳುತ್ತೇನೆ. ಆಗ ಹೆದರಿ ಕಂಗಾಲಾಗಿದ್ದೆ. ಮಕ್ಕಳ ಡಾಕ್ಟರು ಕೂಸಿನ ಕಣ್ಣಿಗೆ ಬೆಳಕು ಬಿಟ್ಟು ಪರೀಕ್ಷೆ ಮಾಡಿ, “ಕಣ್ಣು ಚೆನ್ನಾಗಿದಾವೆ. ಇಷ್ಟು ಸಣ್ಣ ಕೂಸಿಗೆ ತಿಳಿ ಬಣ್ಣ ಸರಿಯಾಗಿ ಕಾಣಲ್ಲಮ್ಮ. ಕಪ್ಪು, ಬಿಳಿ, ಕೆಂಪು ತೋರಿಸಿ,” ಎಂದರು. ಪಕ್ಕದ ಮನೆಯ ಇಮಾಂಬೀ ಬುರ್ಖಾ ಹೊಲಿಯುವವರು. ಉಳಿದ ಕರಿ ತುಂಡುಗಳಿಗೆ ಬಿಳಿ ಪಟ್ಟಿ ಕೂಡಿಸಿ, ಹತ್ತಿ ತುಂಬಿ, ಒಂದು ಚೆಂಡು ಮಾಡಿಕೊಟ್ಟರು. ಮಗ ಅದನ್ನು ನುಂಗುವಂತೆ ನೋಡಿದ. ನಾನು ಅತ್ತುಬಿಟ್ಟೆ.

ಡಾಕ್ಟರು ಹೇಳಿದ್ದು, ಚೆಂಡು ಬಂದದ್ದು ತಿಳಿದ ಅತ್ತೆ ಮರುದಿನವೇ ಹರಿಹರಕ್ಕೆ ಬಂದಿಳಿದರು. ಚೆಂಡನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯಾಚೆ ಹಾಕಿದರು.

“ತೊಟ್ಟಿಲಾಗೆ ಕರೇದು ಬ್ಯಾಡ. ಅಪಶಕುನ.”

ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡಲು ಮಾತ್ರ ಕರಿ ಬಣ್ಣವೇ ಬೇಕಂತೆ. ಅದು ಯಾವ ಲೆಕ್ಕವೋ. ಆಮೇಲೆ ತೊಟ್ಟಿಲ ಮೇಲೆ ಬಾಗಿ ತಮ್ಮ ಆನೆಯನ್ನು ಅಲ್ಲಾಡಿಸಿದರು.

“ನೋಡಿದ್ಯಾ? ತಿರುಗಿನೂ ನೋಡಂಗಿಲ್ಲ.”

ಕೂಸು ನೋಡುತ್ತಿತ್ತು. ಆನೆಯನ್ನಲ್ಲ, ಅಷ್ಟೇ.

“ಅತ್ತೆ, ಒಂಚೂರು ತಲೆ ಆ ಕಡೆ ಮಾಡ್ರಿ,” ಎಂದೆ. ಮಾಡಿದರು. ಮಗನ ಕಣ್ಣು ಆ ಕಡೆ ಹೋಯಿತು. “ಈಗ ಈ ಕಡೆ.” ಕಣ್ಣು ಈ ಕಡೆ ಬಂತು.

“ನಿಮ್ಮ ಹಣೆ ನೋಡ್ತಾನ್ರಿ. ಕರೇ ಹಣೆ ಮ್ಯಾಲೆ ಬಿಳೇ ವಿಭೂತಿ, ನಡುವೆ ಕೆಂಪು ಕುಂಕುಮ. ಇವನಿಗೆ ಕಣ್ಣು ಚೆಂದಾಗಿ ಕಾಣ್ತೈತೆ.”

ಅತ್ತೆ ಆನೆಯನ್ನು ಬಿಟ್ಟು ನೆಟ್ಟಗೆ ನಿಂತರು. ಗೋಡೆಯ ಕನ್ನಡಿಯ ಮುಂದೆ ಹೋಗಿ, ಮುಖವನ್ನು ಬೆಳಕಿಗೆ ಹಿಡಿದು ನೋಡಿಕೊಂಡು ಕೇಳಿದರು:

“ನಾನು ಅಷ್ಟು ಕರ್ರಗದೀನೇನೇ?”