ಅಮ್ಮನ ಮಾತಿಗೆ ಅನುಮತಿ

"ನೋಡಿ ಎಲ್ರೂ, ಸರಿಯಾಗಿ ನೋಡ್ಕೊಳ್ಳಿ. ಕಂಪನಿ ಮಾತು ಕದ್ದ ಕಳ್ಳ ಇವನೇ."

ಏರಿಯಾ ಮ್ಯಾನೇಜರ್ ಇದನ್ನು ಮೈಕಿನಲ್ಲಿ ಹೇಳಿದ. ಹೊಸ ಮೊಬೈಲ್ ಶೋರೂಮಿನ ಉದ್ಘಾಟನೆ. ಡೀಲರುಗಳು, ಕೆಂಪು ಟೀ ಶರ್ಟು ತೊಟ್ಟ ಸೇಲ್ಸ್ ಹುಡುಗಿಯರು, ಪೆಟ್ಟಿಗೆ ಇಳಿಸುತ್ತಿದ್ದ ಹಮಾಲಿಗಳು, ಎಲ್ಲರೂ ಕತ್ತೆತ್ತಿ ನೋಡಿದರು. ನಾನು ಪಕ್ಕದ ಗೋಡೆಗೆ ಏಣಿ ಹಾಕಿಕೊಂಡು ಇದೇ ಕಂಪನಿಯ ಹೆಸರು ಬರೆಯುತ್ತಿದ್ದೆ. ಬ್ರಷ್ಷಿನ ಬಣ್ಣ ಮೊಣಕೈವರೆಗೆ ಹರಿಯಿತು.

"ಕೆಳಗಿಳಿಯೋ. ನಿನಗೇ ಹೇಳ್ತಿರೋದು."

ಇಳಿದೆ.

ಅವನು ರಸ್ತೆಯಾಚೆ ಬೆರಳು ತೋರಿಸಿದ. ಅಲ್ಲಿ ನಮ್ಮಕ್ಕನ ಒಂದೇ ಕೋಣೆಯ ಮನೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಅವಳ ಹತ್ತಿರ ಬಿಟ್ಟು ಹೋಗುತ್ತಾರೆ. ಹನ್ನೊಂದು ಮಕ್ಕಳು. ಬಾಗಿಲ ಮೇಲೆ ನಾನೇ ಬರೆದ ಬೋರ್ಡು: 'ಇಲ್ಲೇ ಇದ್ದೀನಿ ಕಣೋ'. ಶೋರೂಮಿನ ನೆತ್ತಿಯ ಮೇಲೂ ಅದೇ ಮಾತು, ಲೈಟು ಹಾಕಿ, ಸಿನಿಮಾ ನಟಿಯ ನಗುವಿನ ಪಕ್ಕ.

ಈ ಮಾತು ಕಂಪನಿಗೆ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಕಂಪನಿಯವರಿಗೆ ನಮ್ಮಂಥ ಸಣ್ಣ ಊರುಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ದೊಡ್ಡ ಪಟ್ಟಣಗಳಲ್ಲಿ ಎಲ್ಲರ ಕೈಗೂ ಫೋನು ಬಂದಾಗಿತ್ತು. ಇನ್ನು ಉಳಿದವರು ನಾವೇ. ಗೋಡೆ ಬರೆಯಲು ನನ್ನನ್ನು ಕರೆದರು. ಹೆಡ್ಡಾಫೀಸಿನಿಂದ ಒಂದು ಸಾಲು ಬಂತು, ಕಂಪ್ಯೂಟರೇ ಅನುವಾದ ಮಾಡಿದ್ದು: 'ಯಾವಾಗಲೂ ಮೇಲೆ, ಯಾವಾಗಲೂ ನಿಮ್ಮದು.' ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಇದು ಎಡವಟ್ಟು ಮಾತು ಅಂತ ನನಗೂ ಗೊತ್ತಾಯಿತು. ಮೊದಲ ಗೋಡೆ ಮುಗಿಯುವಷ್ಟರಲ್ಲಿ ಸೈಕಲ್ ರಿಪೇರಿಯವನು ಕೇಳಿಯೇಬಿಟ್ಟ:

"ಏನಪ್ಪಾ, ಈ ಫೋನ್ ತಗೊಂಡ್ರೆ ಸೀದಾ ಮೇಲಕ್ಕೇ ಕಳಿಸ್ತಾರಾ?"

ಬೀದಿಯೆಲ್ಲ ನಕ್ಕಿತು. ನನಗೆ ನಾಚಿಕೆಯಾಯಿತು. ಕಂಪನಿ ಹಾಳಾಗಲಿ, ಅಕ್ಷರ ನನ್ನದಲ್ಲವಾ? ಸುಣ್ಣ ಬಳಿದು, ಅದರ ಮೇಲೆ ಕೈಗೆ ಬಂದದ್ದನ್ನು ಬರೆದೆ. ಅಮ್ಮನ ಮಾತು ಬಂತು.

ಅಮ್ಮ ಹೋಟೆಲಿನ ಹಿಂದೆ ಪಾತ್ರೆ ತಿಕ್ಕುತ್ತಿದ್ದಳು. ಹೋಗುವಾಗ ನನ್ನನ್ನೂ ಅಕ್ಕನನ್ನೂ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದಳು. ನಾನು ಬಾಗಿಲು ಬಡಿದು ಅತ್ತರೆ ಸಂದಿಗೆ ಬಾಯಿಟ್ಟು, "ಇಲ್ಲೇ ಇದ್ದೀನಿ ಕಣೋ" ಅನ್ನುತ್ತಿದ್ದಳು. ಎಲ್ಲಿಯ ಇಲ್ಲೇ? ನಾಲ್ಕು ಬೀದಿ ಆಚೆ. ಶುದ್ಧ ಸುಳ್ಳು. ಆ ಸುಳ್ಳನ್ನು ನಂಬಿಕೊಂಡೇ ನಾವಿಬ್ಬರೂ ದೊಡ್ಡವರಾದೆವು.

ಇದೇ ಮ್ಯಾನೇಜರ್ ಗೋಡೆ ನೋಡಿ ಮೊದಲು ಬಾಯಿಗೆ ಬಂದಂತೆ ಬೈದ. ಆಮೇಲೆ ಜನ ನಿಂತು ಓದುವುದನ್ನು ಕಂಡ. ಫೋಟೋ ಹೊಡೆದುಕೊಂಡ. ಮೂರು ತಿಂಗಳಲ್ಲಿ ಅಮ್ಮನ ಮಾತು ಬಸ್ಸಿನ ಬೆನ್ನ ಮೇಲಿತ್ತು, ರೇಡಿಯೋದಲ್ಲಿತ್ತು, ನಟಿಯ ಬಾಯಲ್ಲಿತ್ತು. "ಜನರ ಮಧ್ಯೆ ಓಡಾಡಿ ನಾನೇ ಹುಡುಕಿದ ಮಾತಿದು" ಅಂತ ಭಾಷಣ ಬಿಗಿದು ಅವನು ಬಡ್ತಿ ಹೊಡೆದ. ನನಗೊಂದು ಟೀ ಶರ್ಟು ಕೊಟ್ಟರು. ದಡ್ಡ ನಾನು, ಅದನ್ನು ಹಾಕಿಕೊಂಡು ಊರೆಲ್ಲ ಮೆರೆದೆ.

ಈಗ ನಾನು ಕಳ್ಳ.

"ಸರ್, ಅದು ನಮ್ಮಮ್ಮ ಹೇಳ್ತಿದ್ದ ಮಾತು" ಅಂದೆ.

"ಇರಬಹುದು. ಆದ್ರೆ ರಿಜಿಸ್ಟರ್ ಮಾಡಿಸಿರೋದು ನಾವು."

ಅಷ್ಟರಲ್ಲಿ ಅಕ್ಕ ಒಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ರಸ್ತೆ ದಾಟಿ ಬಂದಳು.

"ಏನೋ, ಏನಂತೆ ಇವರದು?"

"ಬೋರ್ಡು ಅಳಿಸಬೇಕಂತೆ ಅಕ್ಕ. ಮಾತು ಇವರದಂತೆ."

"ಕಣೋ ಅನ್ನೋದು ತಾನೇ ಇವರ್ದು? ನನಗೆ ಅಮ್ಮ ಕಣೇ ಅಂತಿದ್ಲು. ಹಂಗೇ ಬರೆದುಬಿಡು, ಜಗಳ ತೀರ್ತು."

ಮ್ಯಾನೇಜರ್ ತಲೆಯಾಡಿಸಿದ. "ಅದೂ ಆಗಲ್ಲಮ್ಮ. ಕಿವಿಗೆ ಒಂದೇ ಥರ ಕೇಳ್ಸತ್ತೆ. ಕಣೋ, ಕಣೇ, ಕಣ್ರೋ, ಎಲ್ಲಾ ಸೇರಿಸೇ ಬರೆಸಿದೀವಿ."

"ಹಂಗಾದ್ರೆ ಈ ಮಗು ಅತ್ತಾಗ ನಾನೇನು ಅನ್ಲಿ? ನಿಮ್ಮಾಫೀಸಿಗೆ ಅರ್ಜಿ ಹಾಕ್ಲಾ?"

ಹಮಾಲಿಯೊಬ್ಬ ಕಿಸಕ್ಕನೆ ನಕ್ಕ. ಮ್ಯಾನೇಜರ್ ಮೈಕು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈ ಹಾಕಿದ. ದನಿ ಬೆಣ್ಣೆಯಾಯಿತು. ಚೀಲದಲ್ಲಿ ಕಾಗದ ತಯಾರಾಗಿಯೇ ಇತ್ತು.

"ನೋಡು, 'ಈ ಮಾತನ್ನು ನಾನು ಕಂಪನಿಯ ಜಾಹೀರಾತಿನಿಂದ ಕಲಿತೆ.' ಇಷ್ಟೇ ಇರೋದು. ಒಂದು ಸೈನ್ ಹಾಕು. ಬೋರ್ಡು ಇರ್ಲಿ, ಕೆಳಗೆ 'ಕಂಪನಿಯ ಅನುಮತಿಯಿಂದ' ಅಂತ ಸಣ್ಣಕ್ಷರದಲ್ಲಿ ಬರ್ಕೋ. ಜಿಲ್ಲೆಯ ಗೋಡೆ ಪೂರ್ತಿ ನಿನಗೇ. ಇಲ್ಲಾಂದ್ರೆ ನಿನಗೆ ಒಂದೇ ಒಂದು ಗೋಡೆ ಸಿಗಲ್ಲ. ಅಕ್ಕನ ಹೆಸರಲ್ಲಿ ಕೋರ್ಟಿಂದ ನೋಟೀಸು ಬೇರೆ."

ಕಳ್ಳನಿಗೆ ಯಾರಾದರೂ ಜಿಲ್ಲೆಯ ಗೋಡೆ ಕೊಡುತ್ತಾರಾ? ಕಳ್ಳ ಯಾರು ಅಂತ ಅವನಿಗೂ ಚೆನ್ನಾಗಿ ಗೊತ್ತಿತ್ತು.

"ಹಾಕಪ್ಪ, ಹಾಕು" ಅಂದ ಶೋರೂಮಿನ ಯಜಮಾನ. "ಹೊಟ್ಟೆಗಿಂತ ಮಾತು ದೊಡ್ಡದಾ?"

ಮ್ಯಾನೇಜರ್ ಕೊಟ್ಟ ಪೆನ್ನು ನನ್ನ ಕೈಯಲ್ಲಿತ್ತು. ಸುಳ್ಳು ಹೇಳಲ್ಲ, ಕೈ ಕಾಗದದ ಹತ್ತಿರ ಹೋಯಿತು. ಗೋಡೆ ಇಲ್ಲದಿದ್ದರೆ ನನಗೆ ಅನ್ನವಿಲ್ಲ, ಬೇರೆ ವಿದ್ಯೆಯಿಲ್ಲ. ಅಕ್ಕನ ಮುಖ ನೋಡಿದೆ.

"ನಿನ್ನಿಷ್ಟ" ಅಂದಳು. "ಅಮ್ಮ ಸತ್ತಾಗ ಈ ಕಂಪನಿ ಹುಟ್ಟೇ ಇರ್ಲಿಲ್ಲ. ಇವರಿಂದ ಅವಳು ಹೆಂಗೆ ಕಲಿತಳು ಅಂತ ಅದನ್ನೂ ಬರ್ಕೊಟ್ಟುಬಿಡು."

ಪೆನ್ನಿನ ಮುಚ್ಚಳ ಹಾಕಿ ಮ್ಯಾನೇಜರ್ ಜೇಬಿಗೇ ಸಿಕ್ಕಿಸಿದೆ.

"ಸರ್," ಕೆಂಪು ಟೀ ಶರ್ಟಿನ ಹುಡುಗಿಯೊಬ್ಬಳು ಮೆಲ್ಲಗೆ ಬಾಯಿ ಬಿಟ್ಟಳು, "ನಮ್ಮಮ್ಮಾನೂ ಹಿಂಗೇ ಅಂತಿದ್ರು."

"ಏಯ್, ಕೆಲಸ ಬೇಕೋ ಬೇಡ್ವೋ ನಿನಗೆ?"

"ನಮ್ಮಜ್ಜೀನೂ ಅಂತಿತ್ತು" ಅಂದ ಹಮಾಲಿ, ಪೆಟ್ಟಿಗೆಯನ್ನು ದೊಪ್ಪನೆ ಇಳಿಸಿ. ಹಿಂದಿನಿಂದ ಇನ್ನೊಬ್ಬ, "ನಮ್ಮತ್ತೆ." ಇನ್ಯಾರೋ, "ಯಾರ ಮನೇಲಿ ಅನ್ನಲ್ಲ ಹೇಳ್ರೀ?"

ಮ್ಯಾನೇಜರ್ ಮೈಕನ್ನು ಬಾಚಿಕೊಂಡ. "ಸುಮ್ನಿರ್ರೀ! ಎಲ್ರ ಅಮ್ಮಂದಿರೂ ಅಂದಿರಬಹುದು. ಅಂದಿದ್ದಕ್ಕೆ ದಾಖಲೆ ಎಲ್ಲಿದೆ? ಏ ಪೇಂಟರ್, ನಿನ್ನನ್ನೇ ಕೇಳ್ತಿರೋದು. ದಾಖಲೆ ಎಲ್ಲಿದೆ?"

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಗೋಡೆಯ ಮೇಲೆ ಅರ್ಧ ಬರೆದ ಕಂಪನಿ ಹೆಸರನ್ನು ಹಾಗೇ ಬಿಟ್ಟು, ಏಣಿ ಮಡಚಿ ಹೆಗಲಿಗೇರಿಸಿದೆ. ಡೀಲರುಗಳು ಬಟ್ಟೆಗೆ ಬಣ್ಣ ತಾಗೀತೆಂದು ಎರಡೂ ಕಡೆ ಸರಿದರು. ಅವನು ಮತ್ತೆ ಕೇಳಿದ. ಮೈಕು ಕಿರ್ರೆಂದು ಕಿರುಚಿತು. ಅವರ ನಡುವೆಯೇ ಹಾದು, ರಸ್ತೆಗಿಳಿದು ಅಕ್ಕನ ಮನೆ ಕಡೆ ನಡೆದೆ.